ಕೊಡಗಿನ ಗಡಿ ಸಂಪಾಜೆಯ ಆಚೆ ಕೋವಿಗೆ ಲೈಸೆನ್ಸ್ ಬೇಡ, ಈಚೆ ಬೇಕು. ಇದು ಸರಿಯಾ?

ಪಯಸ್ವಿನಿ ತೋಟ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಆದರೂ ಓದಿ.

ನಮ್ಮದು ಅಡಿಕೆ ತೋಟ. ಕೊಡಗಿನ ಗಡಿಯಿಂದ ಹೆಚ್ಚು ದೂರ ಇಲ್ಲ, ಅಷ್ಟು ಹೇಳಿದರೆ ಸಾಕು. ಅಪ್ಪನ ಹೆಸರಲ್ಲಿ ಒಂದು ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸ್. ಅಪ್ಪ ಅದರಲ್ಲಿ ಪ್ರಾಣಿ ಕೊಂದದ್ದು ನಾನು ನೋಡಿಲ್ಲ. ಮದ್ದು ಹೊಯ್ದು, ತೆಂಗಿನ ನಾರು ತುರುಕಿ, ಗಜದ ಸರಳಿನಲ್ಲಿ ನಾಲ್ಕು ಸಲ ಜಡಿದು, ಆಕಾಶಕ್ಕೆ ಒಂದು ಹುಸಿ ಈಡು ಬಿಡ್ತಿದ್ದರು. ಮಂಗಗಳು ಎರಡು ದಿನ ಆ ಕಡೆ ಬರ್ತಿರಲಿಲ್ಲ. ಹಂದಿ ಬಂದ ರಾತ್ರಿ ಅಂಗಳದಿಂದಲೇ ಒಂದು ಈಡು, ಅಷ್ಟೇ.

ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಕಾನೂನಿನ ಪ್ರಕಾರ ಕೋವಿ ಒಪ್ಪಿಸಿದೆವು. ನನ್ನ ಹೆಸರಿಗೆ ಮಾಡಿಕೊಡಿ ಅಂತ ಹಾಕಿದ ಅರ್ಜಿ ಮೇಜಿಂದ ಮೇಜಿಗೆ ತಿರುಗ್ತಾ ಉಂಟು. ಆಗೋದಿಲ್ಲ ಅಂತ ಬರೆದೂ ಕೊಟ್ಟಿಲ್ಲ, ಆಗ್ತದೆ ಅಂತಲೂ ಇಲ್ಲ. "ಈಗ ಕೋವಿ ಎಲ್ಲ ಯಾಕೆ ನಿಮಗೆ" ಅಂತ ಬಾಯಲ್ಲಿ ಕೇಳ್ತಾರೆ.

ನನ್ನ ಹೆಂಡತಿಯ ಅಣ್ಣನ ಮನೆ ಗಡಿಯ ಆಚೆ. ಅವರದ್ದು ಜಮ್ಮಾ ಜಾಗ, ರಾಜರ ಕಾಲದಿಂದ ವಂಶಕ್ಕೆ ಬಂದ ಹಿಡುವಳಿ. ಅವರಿಗೆ ಲೈಸೆನ್ಸೇ ಬೇಡ, ವಿನಾಯಿತಿ ಉಂಟು. ಅದೇ ಹಂದಿ, ಅದೇ ಆನೆ, ಅದೇ ಹೊಳೆಯ ನೀರು. ಭಾವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕೋವಿ ಇಟ್ಟುಕೊಳ್ಳುವುದು ಹಕ್ಕೋ ಅಲ್ಲವೋ? ಹಕ್ಕಾದರೆ ನನಗೂ ಬೇಕು. ಹಕ್ಕಲ್ಲವಾದರೆ ಅವರಿಗೆ ಹೇಗೆ ಬಂತು? ಗೊತ್ತಿದ್ದವರು ಹೇಳಿ.

ಅಡಿಕೆ ಸೋಗೆ:
ನಮ್ಮದೂ ಇದೇ ಕಥೆ ಮಾರಾಯ್ರೆ. ಬಾಳೆಗೊನೆ ಆನೆಗೆ, ಎಳೆ ಅಡಿಕೆ ಮಂಗಕ್ಕೆ, ಬಿದ್ದ ತೆಂಗಿನಕಾಯಿ ಹಂದಿಗೆ. ನಮಗೆ ಉಳಿಯುವುದು ಪಹಣಿ ಮಾತ್ರ.

ಬೆಂಗಳೂರು ಹುಡುಗ 88:
ಕೊಡಗಲ್ಲಿ ಯಾರು ಬೇಕಾದ್ರೂ ಎಷ್ಟು ಬೇಕಾದ್ರೂ ಗನ್ ಇಟ್ಕೋಬಹುದು, ಪೇಪರ್ರೇ ಬೇಡ ಅಂತ ಕೇಳಿದ್ದೆ. ಅಮೆರಿಕಾಗಿಂತ ಫ್ರೀ ಅಂತೆ. ನಿಜನಾ?

ಕಕ್ಕಬ್ಬೆ ಹುಡುಗಿ:
@ಬೆಂಗಳೂರು ಹುಡುಗ 88, ಇಲ್ಲಣ್ಣ, ತಪ್ಪು. ದಯವಿಟ್ಟು ಇದನ್ನು ಹರಡಬೇಡಿ.

ಕೊಡಗಿನಲ್ಲಿರುವ ಎಲ್ಲರಿಗೂ ವಿನಾಯಿತಿ ಇಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಜಮ್ಮಾ ಹಿಡುವಳಿ ಇರುವ ಅರೆಭಾಷೆ ಗೌಡರಿಗೂ, ಬೇರೆಯವರಿಗೂ ಉಂಟು. ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ತೆಗೆದುಕೊಳ್ಳಬೇಕು, ಕೋವಿಯ ನಂಬರ್ ದಾಖಲಾಗಬೇಕು. ಜಿಲ್ಲೆಯಿಂದ ಹೊರಗೆ ಒಯ್ಯುವುದಕ್ಕೂ ಮಿತಿ ಇದೆ: ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ನಯ ನಳಿಗೆಯ (ಒಳಗೆ ಗೆರೆ ಕೊರೆಯದ) ಕೋವಿ, ಅದಕ್ಕೆ 500 ತೋಟೆ. ಪಿಸ್ತೂಲು, ರಿವಾಲ್ವರ್ ಬೇಕೆಂದರೆ ನಾವೂ ಎಲ್ಲರಂತೆ ಲೈಸೆನ್ಸಿಗೆ ಅರ್ಜಿ ಹಾಕಬೇಕು.

ನನ್ನ ಹೆಸರಲ್ಲೂ ಒಂದು ಪತ್ರ ಇದೆ. ತಾತನ ಕೋವಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹಿಂದಿನ ದಿನ ನಾನೇ ಅದನ್ನು ಬಿಚ್ಚಿ ಎಣ್ಣೆ ಹಚ್ಚುವುದು. ನಳಿಗೆಯೊಳಗೆ ಬಿಳಿ ಬಟ್ಟೆ ತೂರಿಸಿ ಎಳೆದರೆ ಮೊದಲ ಸಲ ಕಪ್ಪಗೆ ಬರುತ್ತದೆ, ಎರಡನೇ ಸಲ ಬೂದು, ಬಟ್ಟೆ ಬೆಳ್ಳಗೇ ಬರುವವರೆಗೆ ಬಿಡುವಂತಿಲ್ಲ. ಆಮೇಲೆ ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಟ್ಟು ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ. ತಾತ ಹೋದ ದಿನ ಅಂಗಳದಲ್ಲಿ ಒಂದರ ಹಿಂದೆ ಒಂದು ಎರಡು ಈಡು ಹಾರಿಸಿದರು. ಸುತ್ತಿನ ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ನಮಗೆ ಇದು ಆಟಿಕೆಯೂ ಅಲ್ಲ, ಜಂಬವೂ ಅಲ್ಲ.

ಹಾಸನ ವಕೀಲ:
ಪ್ರಶ್ನೆ ಚೆನ್ನಾಗಿದೆ. ಕಾನೂನಿನ ಮಾತು ಮೊದಲು ಹೇಳಿಬಿಡುತ್ತೇನೆ.

ಭಾರತದ ಸಂವಿಧಾನದಲ್ಲಿ ಶಸ್ತ್ರ ಹೊಂದುವ ಮೂಲಭೂತ ಹಕ್ಕು ಇಲ್ಲ. ಬದಲಿಗೆ 19(1)(ಬಿ) ಏನು ಹೇಳುತ್ತದೆ ನೋಡಿ: ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು. ಸಭೆ ಸೇರುವ ಸ್ವಾತಂತ್ರ್ಯ ಕೊಡುವಾಗಲೇ ಆಯುಧವನ್ನು ಹೊರಗಿಟ್ಟಿದ್ದಾರೆ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಇದನ್ನೇ ಹೇಳಿತು: ಅಮೆರಿಕದಲ್ಲಿ ಅದು ಹಕ್ಕು, ನಮ್ಮಲ್ಲಿ ಅಂಥ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ. ಉತ್ತರ ಪ್ರದೇಶದ ಪರವಾನಗಿ ಇಲ್ಲದ ಬಂದೂಕಿನ ಪ್ರಕರಣವೊಂದರಲ್ಲಿ ಬಂದ ಮಾತು ಅದು.

ಕೊಡಗಿನ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಕೊಟ್ಟಿರುವುದು. 1963ರ ಅಧಿಸೂಚನೆ ಒಂದು, 2019ರ ಅಕ್ಟೋಬರಿನದು ಇನ್ನೊಂದು. ಎರಡನೆಯದರ ಅವಧಿ 2029ರ ಅಕ್ಟೋಬರ್ 31ರವರೆಗೆ. ಇದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಸ್ವಾತಂತ್ರ್ಯಕ್ಕೆ ಮೊದಲಿನಿಂದ ಬಂದ ಸೌಲಭ್ಯ, ಹತ್ತು ವರ್ಷಕ್ಕೆ ಸೀಮಿತ, ಷರತ್ತುಗಳಿವೆ, ಹಾಗಾಗಿ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು.

ಪಯಸ್ವಿನಿ ಅವರೇ, ನಿಮ್ಮ ಭಾವನಿಗೆ ಇರುವುದು ಹಕ್ಕಲ್ಲ, ಅವಧಿ ನಮೂದಿಸಿದ ವಿನಾಯಿತಿ. ನಿಮಗೆ ಬೇಕಿರುವುದು ಲೈಸೆನ್ಸ್. ಅದಕ್ಕೆ ದಾರಿ ಇದೆ, ಸಂಜೆ ಬರೆಯುತ್ತೇನೆ.

ಮುಧೋಳದವ:
ವಕೀಲರ ಮಾತು ಖರೇ ಐತಿ. ಆದ್ರ "ಸ್ವಾತಂತ್ರ್ಯಕ್ಕಿಂತ ಮೊದಲಿನಿಂದ ಬಂದದ್ದು" ಅಂದ್ರಲ್ಲ, ಅದು ಹೆಂಗ ಬಂತು ಅಂತನೂ ಹೇಳ್ಬೇಕ್ರಿ.

1857ರಾಗ ಇಂಗ್ರೇಜಿಯವರು ಹತಾರ ಕಾಯ್ದೆ ತಂದ್ರು. ಎಲ್ಲಾರೂ ಆಯುಧ ಕೊಡ್ರಿ ಅಂದ್ರು. ನಮ್ಮ ಮುಧೋಳ ತಾಲೂಕಿನ ಹಲಗಲಿ ಬ್ಯಾಡರು ಕೊಡೂದಿಲ್ಲ ಅಂದ್ರು. ಬ್ಯಾಟಿ ಆಡಿ ಬದುಕೂ ಮಂದಿ, ಹತಾರ ಕೊಟ್ರ ಕೈ ಕಡದು ಕೊಟ್ಟಂಗ. ಜಡಗ, ಬಾಲ, ರಾಮ, ಭೀಮ ಎದುರು ನಿಂತ್ರು. ನವೆಂಬರದಾಗ ದಂಡು ಬಂದು ಊರಿಗೇ ಬೆಂಕಿ ಹಚ್ತು. ಹಿಡದವರನ್ನ ಮುಧೋಳ ಸಂತಿ ದಿವಸ ಮಂದಿ ಮುಂದ ಗಲ್ಲಿಗೆ ಹಾಕಿದ್ರು. ಇವತ್ತಿಗೂ ನಮ್ಮ ಕಡೆ ಅದರ ಲಾವಣಿ ಹಾಡ್ತಾರ.

ಅದಾಗಿ ನಾಕು ವರ್ಷಕ್ಕ, 1861ರಾಗ, ಮೈಸೂರು, ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬ ಅದೇ ನಿಶ್ಶಸ್ತ್ರ ಕಾಯ್ದೆಯಿಂದ ಕೊಡಗಿನವರನ್ನ ಬಿಟ್ಟ. ಯಾಕ? ಸರಕಾರಕ್ಕ ನಿಷ್ಠೆಯಿಂದ ನಡಕೊಂಡ್ರು ಅಂತ. ನಿಷ್ಠೆ ತೋರಿಸಿದವರಿಗೆ ಬಂದೂಕ, ಎದುರು ನಿಂತವರಿಗೆ ಹಗ್ಗ. ಆ ಸರಕಾರ ಹೋಗಿ ಇಷ್ಟು ವರ್ಷ ಆತು, ಅದರ ಇನಾಮು ಇನ್ನೂ ನಡದೈತಿ. ಹಲಗಲಿ ಮಂದಿಯ ಮೊಮ್ಮಕ್ಕಳಿಗೆ ಯಾವ ವಿನಾಯಿತಿ ಐತ್ರಿ?

ಕಕ್ಕಬ್ಬೆ ಹುಡುಗಿ:
@ಮುಧೋಳದವ, ಅಣ್ಣ, ಹಲಗಲಿಯವರ ಬಗ್ಗೆ ನನಗೆ ಗೌರವ ಇದೆ. ಆದರೆ ನಮ್ಮ ಕಥೆಯನ್ನು ಕಬ್ಬನ್ ಬರೆದ ಒಂದು ಕಾಗದಕ್ಕೆ ಇಳಿಸಬೇಡಿ. ಕೊಡವರ ಮನೆಯಲ್ಲಿ ಕೋವಿ ಕಬ್ಬನ್ ಬರುವ ಮೊದಲೂ ಇತ್ತು. ಕೊಡಗನ್ನಾಳಿದ ಹಾಲೇರಿ ರಾಜರ ಕಾಲದಲ್ಲಿ ಜಮ್ಮಾ ಭೂಮಿ ಕೊಟ್ಟದ್ದೇ ಕರೆದಾಗ ಆಯುಧ ಹಿಡಿದು ಬರಬೇಕು ಅಂತ. ಕಬ್ಬನ್ ಕೊಟ್ಟದ್ದಲ್ಲ, ಇದ್ದದ್ದನ್ನು ಕಿತ್ತುಕೊಳ್ಳಲಿಲ್ಲ, ಅಷ್ಟೇ.

ಮತ್ತೆ ಕೊಡಗಿನವರೆಲ್ಲ ಬ್ರಿಟಿಷರ ಪರ ಇದ್ದರು ಅನ್ನುವುದೂ ಸರಿಯಲ್ಲ. 1837ರ ಅಮರ ಸುಳ್ಯದ ದಂಗೆಯಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದು ನಮ್ಮ ನೆಲದಲ್ಲೇ.

ಮುಧೋಳದವ:
ಅದನ್ನ ನಾ ಅಲ್ಲ ಅನ್ನೂದಿಲ್ಲ ತಂಗಿ. ಗೊತ್ತೈತಿ. ಆದ್ರ ಆ ದಂಗಿ ಅಡಗಿಸಾಕ ಸಹಾಯ ಮಾಡಿದವರಿಗೂ ಮರ್ಯಾದಿ ಸಿಕ್ಕಿತ್ತಲ್ಲ, ಅದೂ ಇತಿಹಾಸನ. ನಾ ನಿನ್ನ ಬಂದೂಕ ಕಸಗೊಳ್ರಿ ಅನ್ನಾಕತ್ತಿಲ್ಲ. ಜಾತಿ ನೋಡಿ, ಹುಟ್ಟು ನೋಡಿ ಕೊಡೂದು ಈಗಿನ ಕಾಲಕ್ಕ ಸರಿ ಅಲ್ಲ, ಇಷ್ಟ ನನ್ನ ಮಾತು.

ಬೆಂಗಳೂರು ಹುಡುಗ 88:
ಗಾಂಧಿ ಹುಟ್ಟಿದ ದೇಶದಲ್ಲಿ ಗನ್ ಬಗ್ಗೆ ಇಷ್ಟು ಚರ್ಚೆ ಬೇಕಾ? ಅವರಿದ್ದಿದ್ರೆ ಎಲ್ಲ ತೆಗೆದು ಸಮುದ್ರಕ್ಕೆ ಹಾಕಿ ಅಂತಿದ್ರು.

ನಿವೃತ್ತ ಮೇಷ್ಟ್ರು:
ತಮ್ಮಾ, ಇಲ್ಲಿ ನಿನಗೆ ಆಶ್ಚರ್ಯ ಆಗುವ ಸಂಗತಿ ಇದೆ. 1918ರಲ್ಲಿ ಮೊದಲ ಮಹಾಯುದ್ಧಕ್ಕೆ ಸೈನಿಕರನ್ನು ಸೇರಿಸಲು ಹೊರಡಿಸಿದ ಕರಪತ್ರದಲ್ಲಿ ಗಾಂಧೀಜಿ, ಬ್ರಿಟಿಷ್ ಆಡಳಿತದ ತಪ್ಪುಗಳಲ್ಲಿ ಇಡೀ ದೇಶವನ್ನು ನಿಶ್ಶಸ್ತ್ರಗೊಳಿಸಿದ ಕಾಯ್ದೆಯನ್ನೇ ಇತಿಹಾಸ ಅತ್ಯಂತ ಕರಾಳವಾದದ್ದೆಂದು ಎಣಿಸುತ್ತದೆ ಎಂಬ ಅರ್ಥದ ಮಾತು ಬರೆದರು. ಆತ್ಮಕಥೆಯಲ್ಲೂ ಅದನ್ನು ನೆನೆದಿದ್ದಾರೆ. ಅದು 1878ರ ಶಸ್ತ್ರ ಕಾಯ್ದೆಯ ಮಾತು. ಆ ಕಾಯ್ದೆಯಲ್ಲಿ ಬಿಳಿಯರಿಗೆ ಒಂದು ನ್ಯಾಯ, ನಮ್ಮವರಿಗೆ ಒಂದು ನ್ಯಾಯ ಇತ್ತು. ಅವಮಾನ ಇದ್ದದ್ದು ಅಲ್ಲಿ.

1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕು ಪ್ರತಿ ಪ್ರಜೆಗೂ ಇರಬೇಕು ಎಂದು ಸೇರಿಸಿದ್ದರು. ಸಂವಿಧಾನ ಸಭೆಯಲ್ಲಿ ಅದನ್ನು ಮತ್ತೆ ಎತ್ತಿದವರು ಎಚ್.ವಿ. ಕಾಮತ್. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. 1948ರ ಡಿಸೆಂಬರ್ ಮೊದಲ ವಾರ ಅವರ ತಿದ್ದುಪಡಿ ಚರ್ಚೆಗೆ ಬಂತು. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಯಾವ ಆಯುಧ ಬೇಕಾದರೂ ಕೊಳ್ಳುವಂತಾದರೆ ರಾಜ್ಯದ ಆಡಳಿತ ನಡೆಸುವುದು ಹೇಗೆ ಎಂದು ಕೇಳಿದರು. ತಿದ್ದುಪಡಿ ಬಿದ್ದುಹೋಯಿತು.

ನಾನು ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದವನು. ಮೂಲಭೂತ ಹಕ್ಕು ಅಂದರೆ ಮಿತಿಯೇ ಇಲ್ಲದ್ದು ಅಂತ ಮಕ್ಕಳು ತಿಳಿದಿರುತ್ತಾರೆ. 19ನೇ ವಿಧಿ ತೆಗೆದು ನೋಡಿ. ಮೊದಲ ಉಪವಿಧಿಯಲ್ಲಿ ಸ್ವಾತಂತ್ರ್ಯಗಳು, ಎರಡರಿಂದ ಆರರವರೆಗೆ ಅವುಗಳಿಗೆ ಸಮಂಜಸ ನಿರ್ಬಂಧಗಳು. "ಸಮಂಜಸ" ಎಂಬ ಆ ವಿಶೇಷಣವನ್ನು ಕೂಡ ಸುಮ್ಮನೆ ಹಾಕಿದ್ದಲ್ಲ, ಸರ್ಕಾರ ಹಾಕಿದ ನಿರ್ಬಂಧವನ್ನು ಕೋರ್ಟು ತೂಗಿ ನೋಡಲಿ ಎಂದೇ ಹಾಕಿದ್ದು. ಮಾತಾಡುವ ಹಕ್ಕಿಗೇ ಮಿತಿ ಇರುವಾಗ ಕೋವಿಗೆ ಬೇಡವೇ?

ಬೆಂಗಳೂರು ಹುಡುಗ 88:
ಮೇಷ್ಟ್ರೇ, ಇದು ನಿಜಕ್ಕೂ ಗೊತ್ತಿರಲಿಲ್ಲ. ಥ್ಯಾಂಕ್ಸ್. ಆದ್ರೂ ಸಿಖ್ಖರ ಕಿರ್ಪಾನ್ ಹೇಗೆ ಒಪ್ಪಿದ್ರು ಹಾಗಾದ್ರೆ?

ನಿವೃತ್ತ ಮೇಷ್ಟ್ರು:
25ನೇ ವಿಧಿಯ ವಿವರಣೆಯಲ್ಲೇ ಇದೆ. ಕಿರ್ಪಾನ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗ ಎಂದು ಬರೆದಿದ್ದಾರೆ. ಸಂವಿಧಾನದೊಳಗೇ ಬರೆದದ್ದಕ್ಕೂ ಸರ್ಕಾರ ಅಧಿಸೂಚನೆಯಲ್ಲಿ ಕೊಟ್ಟದ್ದಕ್ಕೂ ವ್ಯತ್ಯಾಸ ಇದೆ. ಅಧಿಸೂಚನೆಯನ್ನು ಸರ್ಕಾರವೇ ಹಿಂದಕ್ಕೆ ಪಡೆಯಬಹುದು, ಸಂವಿಧಾನದಲ್ಲಿರುವುದನ್ನು ಹಾಗೆ ಪಡೆಯಲಾಗದು.

ಡಲ್ಲಾಸ್ ಕನ್ನಡತಿ:
ಟೆಕ್ಸಾಸಿನಿಂದ ಬರೀತಿದೀನಿ. ಹದಿನೈದು ವರ್ಷ ಆಯ್ತು ಇಲ್ಲಿ. 2021ರ ಸೆಪ್ಟೆಂಬರಿನಿಂದ ಇಲ್ಲಿ 21 ದಾಟಿದ, ಕಾನೂನಿನ ಅಡ್ಡಿ ಇಲ್ಲದ ಯಾರೇ ಆಗಲಿ ಪರ್ಮಿಟ್ ಇಲ್ಲದೆ ಸೊಂಟದಲ್ಲಿ ಪಿಸ್ತೂಲ್ ಇಟ್ಕೊಂಡು ಓಡಾಡಬಹುದು. ತರಕಾರಿ ಅಂಗಡಿ ಸಾಲಲ್ಲಿ ಮುಂದೆ ನಿಂತವನ ಸೊಂಟದಲ್ಲಿ ಕಾಣುತ್ತೆ. ಮೊದಮೊದಲು ಮಗುವನ್ನ ನನ್ನ ಇನ್ನೊಂದು ಪಕ್ಕಕ್ಕೆ ಎಳ್ಕೊಳ್ತಿದ್ದೆ.

2022ರ ಮೇ ತಿಂಗಳಲ್ಲಿ ಇದೇ ರಾಜ್ಯದ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಕೊಂದವನಿಗೆ 18 ವರ್ಷ, ಬಂದೂಕನ್ನು ಕಾನೂನುಬದ್ಧವಾಗಿಯೇ ಕೊಂಡಿದ್ದ. ಮಾರನೇ ದಿನ ನನ್ನ ಮಗಳನ್ನ ಸ್ಕೂಲಿಗೆ ಬಿಟ್ಟು ಕಾರಲ್ಲೇ ಒಂದು ಗಂಟೆ ಕೂತಿದ್ದೆ, ವಾಪಸ್ ಹೋಗೋಕೆ ಕಾಲೇ ಬರಲಿಲ್ಲ.

ಇಲ್ಲಿ ಅದು 1791ರ ಎರಡನೇ ತಿದ್ದುಪಡಿಯ ಹಕ್ಕು. ಹಕ್ಕು ಅಂತ ಒಮ್ಮೆ ಬರೆದ ಮೇಲೆ ಒಂದೊಂದು ಸಣ್ಣ ನಿರ್ಬಂಧಕ್ಕೂ ಕೋರ್ಟಲ್ಲಿ ಹೋರಾಡಬೇಕು. ಸಂಗಾತಿಗೆ ಹೊಡೀತಾನೆ ಅಂತ ಕೋರ್ಟ್ ತಡೆಯಾಜ್ಞೆ ಕೊಟ್ಟ ಮನುಷ್ಯನ ಕೈಯಿಂದ ಗನ್ ತೆಗೀಬಹುದಾ ಅನ್ನೋದಕ್ಕೇ 2024ರ ರಹೀಮಿ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯ್ತು. ತೆಗೀಬಹುದು ಅಂದ್ರು, ಪುಣ್ಯ. ಅದಕ್ಕೆ ಹೇಳೋದು, "ಹಕ್ಕು ಬೇಕು" ಅನ್ನೋ ಮೊದಲು ಯೋಚಿಸಿ. ಲೈಸೆನ್ಸ್ ಬೇಕು ಅನ್ನಿ, ಅದು ನ್ಯಾಯವಾಗಿ ಸಿಗಬೇಕು ಅನ್ನಿ.

ಅಡಿಕೆ ಸೋಗೆ:
ಅಕ್ಕ, ನಿಮ್ಮ ನೋವು ಅರ್ಥ ಆಗ್ತದೆ. ಆದರೆ ಅಲ್ಲಿನ ಒಂದರ ಹಿಂದೆ ಒಂದು ಗುಂಡು ಹಾರಿಸುವ ಬಂದೂಕಿಗೂ ನಮ್ಮ ಕೇಪಿನ ಕೋವಿಗೂ ಹೋಲಿಸಬೇಡಿ. ಒಂದು ಈಡು ಬಿಟ್ಟು ಇನ್ನೊಂದು ತುಂಬಿಸುವಷ್ಟರಲ್ಲಿ ಹಂದಿ ಪಕ್ಕದ ಗ್ರಾಮ ಮುಟ್ಟಿರ್ತದೆ. ಇಷ್ಟಕ್ಕೂ ಕರ್ನಾಟಕದಲ್ಲಿ ದೊಡ್ಡ ಕೊಲೆಗಳಲ್ಲಿ ಬಳಕೆ ಆದದ್ದು ಯಾವುದು? ಧಾರವಾಡದಲ್ಲಿ 2015ರಲ್ಲಿ ಕಲಬುರ್ಗಿಯವರಿಗೆ, ಬೆಂಗಳೂರಲ್ಲಿ 2017ರಲ್ಲಿ ಗೌರಿ ಲಂಕೇಶರಿಗೆ ಹೊಡೆದದ್ದು 7.65 ಎಂಎಂ ನಾಡ ಪಿಸ್ತೂಲಿನಲ್ಲಿ. ಲೈಸೆನ್ಸ್ ಕೋವಿಯಲ್ಲಿ ಅಲ್ಲ. ಕಳ್ಳ ಪಿಸ್ತೂಲು ಹಿಡಿಯುವುದು ಬಿಟ್ಟು ರೈತನ ಹಿಂದೆ ಯಾಕೆ ಬೀಳ್ತಾರೆ?

ಮೂಡಿಗೆರೆ ಸೊಸೆ:
ಲೈಸೆನ್ಸ್ ಕೋವಿಯಿಂದ ಏನೂ ಆಗೋದಿಲ್ಲ ಅಂತ ಬರೆಯುವವರು ಇದನ್ನೊಂದು ಓದಿ.

ನಮ್ಮ ಮಾವನವರ ಮನೆಯಲ್ಲಿ ಜೋಡು ನಳಿಗೆ ಕೋವಿ ಇತ್ತು. ಲೈಸೆನ್ಸ್ ಇತ್ತು, ಎಲ್ಲ ಕಾಗದ ಸರಿ ಇತ್ತು. ಅಣ್ಣತಮ್ಮಂದಿರ ಪಾಲಿನ ಜಗಳ. ಒಂದು ಸಂಜೆ ಮಾತಿಗೆ ಮಾತು ಬೆಳೆದು ಒಬ್ಬರು ಒಳಗೆ ಹೋಗಿ ಗೋಡೆಯಿಂದ ಕೋವಿ ತೆಗೆದುಕೊಂಡು ಬಂದರು. ತೋಟೆ ಅದೇ ಗೋಡೆಯ ಕಪಾಟಿನಲ್ಲಿ ಇತ್ತು. ಎದ್ದು ಹೋಗಿ ಬರುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಅಡುಗೆಮನೆಯಲ್ಲಿ ಕಡುಬಿನ ಪಾತ್ರೆ ಇಳಿಸುತ್ತಿದ್ದೆ. ಸದ್ದು ಕೇಳಿ ಹೊರಗೆ ಬರುವಷ್ಟರಲ್ಲಿ ಚಿಕ್ಕಮಾವ ಮೆಟ್ಟಿಲ ಮೇಲೆ ಕೂತ ಹಾಗೆ ಒರಗಿದ್ದರು. ಕಣ್ಣು ತೆರೆದೇ ಇತ್ತು.

ಆ ಮನೆಯಲ್ಲಿ ಕತ್ತಿ ಇತ್ತು, ದೊಣ್ಣೆ ಇತ್ತು. ಅವುಗಳಾಗಿದ್ದರೆ ಯಾರಾದರೂ ಅಡ್ಡ ಬೀಳುತ್ತಿದ್ದೆವು, ನಾಲ್ಕು ಹೊಲಿಗೆಯಲ್ಲಿ ಮುಗಿಯುತ್ತಿತ್ತು. ಕೋವಿ ಯಾರಿಗೂ ಸಮಯ ಕೊಡಲಿಲ್ಲ.

ನಾನು ಯಾರ ಸಂಪ್ರದಾಯವನ್ನೂ ಬಯ್ಯುತ್ತಿಲ್ಲ. ಕೋವಿ ಮನೆಯಲ್ಲಿದ್ದರೆ ಬೀಗದೊಳಗೆ ಇರಲಿ. ತೋಟೆ ಬೇರೆ ಕೋಣೆಯಲ್ಲಿ ಬೇರೆ ಬೀಗದಲ್ಲಿ ಇರಲಿ. ಎರಡು ಬೀಗದ ಕೈ ಇಬ್ಬರ ಹತ್ತಿರ ಇರಲಿ.

ಪಯಸ್ವಿನಿ ತೋಟ:
ಅಕ್ಕ, ಓದಿ ಸ್ವಲ್ಪ ಹೊತ್ತು ಏನೂ ಬರೆಯಲಿಕ್ಕೆ ಆಗಲಿಲ್ಲ. ನಮ್ಮ ಅಪ್ಪನೂ ಕೋವಿಯನ್ನು ಗೋಡೆಯ ಮೊಳೆಗೇ ನೇತು ಹಾಕ್ತಿದ್ದದ್ದು. ಮದ್ದಿನ ಕುಪ್ಪಿ ಅದರ ಕೆಳಗೆ.

ಕಕ್ಕಬ್ಬೆ ಹುಡುಗಿ:
ಅಕ್ಕ ಹೇಳಿದ ಬೀಗದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಮ್ಮ ಕಡೆಯೂ ಬೇಟೆಗೆ ಹೋದಾಗ ಕಾಡುಹಂದಿ ಅಂತ ತಿಳಿದು ಜೊತೆಗಾರನಿಗೇ ಈಡು ಬಿದ್ದ ಸಾವುಗಳಿವೆ. ಮುಚ್ಚಿಡುವುದರಲ್ಲಿ ಮರ್ಯಾದೆ ಇಲ್ಲ.

ಮಲೆನಾಡ ಡಾಕ್ಟರ್:
ವೈದ್ಯನಾಗಿ ಒಂದು ಮಾತು. ಮನೆಯಲ್ಲಿ ಕೋವಿ ಇದ್ದರೆ ಕೊಲೆಗಿಂತ ನನಗೆ ಹೆಚ್ಚು ಭಯ ಆತ್ಮಹತ್ಯೆಯದು. ಸಾಲ, ಕುಡಿತ, ಫಸಲು ಹೋದ ವರ್ಷ. ಮನಸ್ಸು ಕುಸಿಯುವ ಆ ಗಳಿಗೆ ಬಹಳ ಸಲ ದಾಟಿ ಹೋಗುವಂಥದ್ದು. ದಾಟುವವರೆಗೆ ಕೈಗೆ ಏನು ಸಿಗುತ್ತದೆ ಅನ್ನುವುದೇ ಎಲ್ಲ. ವಿಷ ಕುಡಿದವರಲ್ಲಿ ಕೆಲವರನ್ನಾದರೂ ಉಳಿಸಿದ್ದೇನೆ. ಕೋವಿಯಾದರೆ ನನ್ನ ಹತ್ತಿರ ತರುವುದೇ ಅಪರೂಪ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಮಾತು ಬಿಟ್ಟಿದ್ದರೆ, ಕೋವಿಯನ್ನು ಸ್ವಲ್ಪ ದಿನ ಡೀಲರ್ ಹತ್ತಿರವೋ ಠಾಣೆಯಲ್ಲೋ ಇಡಿ. ನಾಚಿಕೆ ಬೇಡ. ಜೊತೆಗೆ ಅವರನ್ನು ಡಾಕ್ಟರ್ ಹತ್ತಿರವೂ ಕರೆತನ್ನಿ.

ಸಾಗರ ಭತ್ತ:
ಠಾಣೆಯಲ್ಲಿಡಿ ಅಂದಿರಲ್ಲ ಡಾಕ್ಟ್ರೇ, ಅದೇ ನಮ್ಮ ದೊಡ್ಡ ಗೋಳು. ಪ್ರತಿ ಚುನಾವಣೆಗೂ ಕೋವಿ ಠೇವಣಿ ಇಡಿ ಅಂತಾರೆ. ಗ್ರಾಮ ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ಮುಗಿಯೋದೇ ಇಲ್ಲ. ಹಂದಿಗೆ ನೀತಿ ಸಂಹಿತೆ ಗೊತ್ತಾ? ಒಂದು ಸಲ ಕೊಟ್ಟ ಕೋವಿ ವಾಪಸ್ ಬಂದಾಗ ಹಿಡಿಯ ಮರ ಸೀಳಿತ್ತು, ನಳಿಗೆ ತುಕ್ಕು. ಯಾವ ಊರು ಅಂತ ಬರೆಯಲ್ಲ. ರಾಶಿ ಹಾಕಿದ್ದರು, ಸೌದೆ ಒಟ್ಟಿದ ಹಾಗೆ.

ಹಾಸನ ವಕೀಲ:
@ಸಾಗರ ಭತ್ತ, ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ತರಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಕೂತು ಪ್ರತಿ ಲೈಸೆನ್ಸನ್ನೂ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಇತಿಹಾಸ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆಯ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಬಗ್ಗೆ ತೀರ್ಮಾನಿಸಬೇಕು. ಫಲಿತಾಂಶ ಬಂದು ವಾರ ಕಳೆದ ಮೇಲೆ ಹಿಂತಿರುಗಿಸಬೇಕು. ನೋಟಿಸ್ ಬಂದ ತಕ್ಷಣ "ನನ್ನದು ಬೆಳೆ ರಕ್ಷಣೆಯ ಕೋವಿ, ಕಾಡಂಚಿನ ತೋಟ, ಯಾವ ಕೇಸೂ ಇಲ್ಲ, ವಿನಾಯಿತಿ ಕೊಡಿ" ಎಂದು ಸಮಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಪ್ಪಿಸಲೇಬೇಕಾದರೆ ಕೋವಿಯ ಸ್ಥಿತಿಯ ಫೋಟೊ ತೆಗೆದು, ರಸೀದಿಯಲ್ಲಿ ಬರೆಸಿಕೊಳ್ಳಿ.

ಈಗ ಪಯಸ್ವಿನಿ ಅವರ ವಿಷಯ. ಇದನ್ನು ಇಲ್ಲಿರುವ ರೈತರೆಲ್ಲ ಓದಬೇಕು.

ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13(3)ರಲ್ಲಿ ಬೆಳೆ ರಕ್ಷಣೆಯ ಹೆಸರೇ ಇದೆ. ಪ್ರಾಮಾಣಿಕವಾಗಿ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿ ಕೇಳಿದರೆ ಲೈಸೆನ್ಸ್ ಕೊಡತಕ್ಕದ್ದು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆಯ ಕೋವಿಗೂ ಕೊಡಬಹುದು. ನಿರಾಕರಿಸಲು 14ನೇ ಸೆಕ್ಷನ್‌ನಲ್ಲಿ ಕಾರಣಗಳಿವೆ: ಮಾನಸಿಕ ಅಸ್ವಸ್ಥತೆ, ಸಾರ್ವಜನಿಕ ಶಾಂತಿ ಇತ್ಯಾದಿ. ಆಸ್ತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. 18ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು. "ಕೋವಿ ಎಲ್ಲ ಯಾಕೆ ನಿಮಗೆ" ಎನ್ನುವುದು ಕಾನೂನಿನಲ್ಲಿರುವ ಕಾರಣ ಅಲ್ಲ.

ಇನ್ನು ವಾರಸುದಾರರ ಹಾದಿ. 2016ರ ನಿಯಮಗಳ 25ನೇ ನಿಯಮ. ಲೈಸೆನ್ಸುದಾರ ತೀರಿಕೊಂಡಾಗ ಮಾತ್ರವಲ್ಲ, ಅವರಿಗೆ 70 ತುಂಬಿದರೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ಮನೆಯಲ್ಲಿ ವಯಸ್ಸಾದ ಅಪ್ಪ ಇರುವವರು ಈಗಲೇ ಮಾಡಿಸಿಕೊಳ್ಳಿ. ಸುರಕ್ಷಿತ ಬಳಕೆಯ ತರಬೇತಿ ಪ್ರಮಾಣಪತ್ರ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವೆಲ್ಲ ಬೇಕಾಗುತ್ತದೆ.

ಪಯಸ್ವಿನಿ ತೋಟ:
ಸರ್, ಕೈ ಮುಗಿದೆ. ಎರಡು ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಹಕ್ಕಿ ನೋಡುವವ:
ಎಲ್ಲರೂ ಕೋವಿಯ ಬಗ್ಗೆ ಮಾತಾಡ್ತಿದೀರಿ, ಎದುರಿಗಿರೋ ಜೀವದ ಬಗ್ಗೆ ಯಾರೂ ಮಾತಾಡ್ತಿಲ್ಲ. ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರೆ ಬೇಟೆ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಾಡುಹಂದಿ ಹೊಡೆದರೂ ಅಪರಾಧ. ಆನೆ, ನವಿಲು ಅತಿ ಹೆಚ್ಚು ರಕ್ಷಣೆ ಇರೋ ಮೊದಲ ಪಟ್ಟಿಯಲ್ಲಿವೆ. ಪ್ರಾಣ ಉಳಿಸಿಕೊಳ್ಳೋಕೆ ಸದುದ್ದೇಶದಿಂದ ಹೊಡೆದರೆ ಮಾತ್ರ 11ನೇ ಸೆಕ್ಷನ್‌ನಲ್ಲಿ ರಕ್ಷಣೆ ಇದೆ. ನಾನು ಕಾಡಲ್ಲಿ ಚರೆ ತಾಗಿ ಕಾಲು ಕೊಳೆತ ಕಡವೆ ನೋಡಿದೀನಿ. ಅದನ್ನ ಹೊಡೆದವನೂ ಬೆಳೆ ಕಾಯೋಕೆ ಅಂತಾನೇ ಕೋವಿ ಇಟ್ಕೊಂಡಿದ್ದಿರಬೇಕು.

ಅಡಿಕೆ ಸೋಗೆ:
ನಗರದಲ್ಲಿ ಕೂತು ಹೇಳುವುದು ಸುಲಭ. ಕೇರಳದಲ್ಲಿ 2022ರಿಂದ ಪಂಚಾಯತಿಗೇ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರ ಕೊಟ್ಟಿದ್ದಾರೆ.

ಹಕ್ಕಿ ನೋಡುವವ:
ನಾನು ನಗರದವನಲ್ಲ, ಶಿರಸಿ ಹತ್ತಿರದವನು, ನಮಗೂ ತೋಟ ಇದೆ. ಕೇರಳದಲ್ಲೂ ಯಾರು ಬೇಕಾದ್ರೂ ಹೊಡೀಬಹುದು ಅಂತಲ್ಲ. ಪಂಚಾಯ್ತಿ ಅಧ್ಯಕ್ಷರು ಅನುಮತಿ ಕೊಡಬೇಕು, ಲೈಸೆನ್ಸ್ ಇರೋ ಈಡುಗಾರ ಹೊಡೀಬೇಕು. ಅದನ್ನೇ ನಾನೂ ಹೇಳ್ತಿರೋದು. ಅನುಮತಿ, ಲೆಕ್ಕ, ಹೊಣೆ ಇರಲಿ.

ಅಡಿಕೆ ಸೋಗೆ:
ಸರಿ, ಅಷ್ಟಾದರೆ ಒಪ್ಪಿದೆ.

ಬೆಂಗಳೂರು ಹುಡುಗ 88:
ವಿಷಯಾಂತರ ಕ್ಷಮಿಸಿ. ಕೊಡಗಿನ ಹಂದಿ ಸಾರು ಪಂದಿ ಕರಿಗೆ, ಅಲ್ಲಿನ ಕಪ್ಪು ಹುಳಿ ಕಾಚಂಪುಳಿ ಬದಲು ಹುಣಸೆ ಹಾಕಬಹುದಾ?

ಕಕ್ಕಬ್ಬೆ ಹುಡುಗಿ:
ಹಾಕಬೇಡಿ. ಕಾಚಂಪುಳಿ ಸಿಗದಿದ್ದರೆ ಸಿಗುವವರೆಗೆ ಕಾಯಿರಿ. ಸಾಕಿದ ಹಂದಿಯದೇ ಮಾಡಿ.

ಚೆಯ್ಯಂಡಾಣೆ ಕಾಫಿ:
ಮಗು ಹುಟ್ಟಿದಾಗ ಈಡು ಹೊಡೆಯುವುದು, ಪುತ್ತರಿಯಲ್ಲಿ ಮೊದಲ ಕದಿರು ಕುಯ್ದಾಗ ಈಡು ಹೊಡೆಯುವುದು, ಇವೆಲ್ಲ 2019ರ ತಿದ್ದುಪಡಿಯಲ್ಲಿ ಅಪರಾಧ ಆಯಿತಂತೆ ಹೌದಾ? ನಮ್ಮ ಕಡೆ ಭಯ ಹುಟ್ಟಿಸುತ್ತಿದ್ದಾರೆ.

ಹಾಸನ ವಕೀಲ:
ಪೂರ್ತಿ ಹಾಗಲ್ಲ. ಉತ್ತರ ಭಾರತದ ಮದುವೆ ಮೆರವಣಿಗೆಗಳಲ್ಲಿ ಗುಂಡು ಹಾರಿಸಿ ಜನ ಸತ್ತದ್ದಕ್ಕೆ ಬಂದ ತಿದ್ದುಪಡಿ ಅದು. ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ, ಸುರಕ್ಷತೆಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಗದ್ದೆಯಲ್ಲಿ ಆಕಾಶಕ್ಕೆ ಹುಸಿ ಈಡು ಬಿಡುವುದಕ್ಕೂ ಜನರ ನಡುವೆ ನಿಜ ಗುಂಡು ಹಾರಿಸುವುದಕ್ಕೂ ಅಂತರ ಇದೆ. ಹುಸಿ ಈಡಿನಲ್ಲೇ ಇರಲಿ, ಕುಡಿದವರ ಕೈಗೆ ಕೊಡಬೇಡಿ. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ 3 ವರ್ಷದಿಂದ 5ಕ್ಕೆ ಏರಿತು, ಒಬ್ಬರು ಇಡಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿಯಿತು.

ಮುಧೋಳದವ:
ಮತ್ತ 2029ಕ್ಕ ಏನ್ ಮಾಡಬೇಕಂತೀರಿ ಎಲ್ಲಾರೂ? ನನ್ನ ಕೇಳಿದ್ರ, ಹುಟ್ಟು ನೋಡಿ ಕೊಡೂ ವಿನಾಯಿತಿ ನಿಂತ ಹೋಗ್ಲಿ. ಅದರ ಬದ್ಲಿ ಕಾಡಂಚಿನ ಎಲ್ಲಾ ರೈತರಿಗೂ ಒಂದ ನಿಯಮ ಬರ್ಲಿ.

ಕಕ್ಕಬ್ಬೆ ಹುಡುಗಿ:
ನಮ್ಮದು ಕಸಿದರೆ ನಿಮ್ಮದು ಸಿಗುತ್ತದೆ ಅಂತ ಏನು ಖಾತ್ರಿ ಅಣ್ಣ? ಇಬ್ಬರದ್ದೂ ಹೋಗುತ್ತದೆ, ಅಷ್ಟೇ. ವಿನಾಯಿತಿ ಇರಲಿ, ಅದರ ಜೊತೆ ನಮಗೂ ತರಬೇತಿ ಪತ್ರ, ಬೀಗದ ಪೆಟ್ಟಿಗೆ ಕಡ್ಡಾಯ ಮಾಡಲಿ. ಲೈಸೆನ್ಸುದಾರರಿಗೆ ಇರುವ ಜವಾಬ್ದಾರಿ ನಮಗೆ ಬೇಡ ಅಂತ ನಾನು ಹೇಳುವುದಿಲ್ಲ. ತಾತನ ಕೋವಿಗೆ ಈ ತಿಂಗಳೇ ಕಬ್ಬಿಣದ ಪೆಟ್ಟಿಗೆ ಮಾಡಿಸಲು ಹೇಳಿದ್ದೇನೆ, ಮೂಡಿಗೆರೆ ಅಕ್ಕನ ಮಾತು ಓದಿದ ಮೇಲೆ.

ಚೆಯ್ಯಂಡಾಣೆ ಕಾಫಿ:
ತರಬೇತಿ ಪತ್ರಕ್ಕೆ ನನ್ನ ವಿರೋಧ ಇದೆ. ಹತ್ತು ವರ್ಷದಿಂದ ಕೋವಿ ಹಿಡಿದವರಿಗೆ ಯಾರು ಕಲಿಸುವುದು? ಇವತ್ತು ಪತ್ರ ಅಂತಾರೆ, ನಾಳೆ ಫೀಸು ಅಂತಾರೆ, ನಾಡಿದ್ದು ಲೈಸೆನ್ಸೇ ತನ್ನಿ ಅಂತಾರೆ.

ಮೂಡಿಗೆರೆ ಸೊಸೆ:
ನಮ್ಮ ಮನೆಯಲ್ಲಿ ಕೋವಿ ಹಿಡಿದವರಿಗೂ ಮೂವತ್ತು ವರ್ಷದ ಅಭ್ಯಾಸ ಇತ್ತು ಅಣ್ಣ.

ಪಯಸ್ವಿನಿ ತೋಟ:
ಎಲ್ಲರಿಗೂ ಉತ್ತರ ಕೊಡ್ಲಿಕ್ಕೆ ಆಗಲಿಲ್ಲ, ಇವತ್ತು ತೋಟಕ್ಕೆ ಮದ್ದು ಬಿಡುವವರು ಬಂದಿದ್ರು.

ಮೊದಲ ಸಲ ಬರೆಯುವಾಗ ಭಾವನಿಗೆ ಇರುವುದು ನನಗೂ ಬೇಕು ಅಂತ ಇತ್ತು. ಈಗ ಹಾಗಿಲ್ಲ. ನನ್ನನ್ನು ವಿಚಾರಿಸಲಿ, ತೋಟ ನೋಡಲಿ, ಕೇಸು ಉಂಟಾ ಅಂತ ಹುಡುಕಲಿ, ತರಬೇತಿಗೆ ಕಳಿಸಲಿ, ಎಲ್ಲದಕ್ಕೂ ನಾನು ತಯಾರು. ಆದರೆ ಹೌದು ಅಥವಾ ಅಲ್ಲ ಅಂತ ಕಾಗದದಲ್ಲಿ ಬರೆದು ಕೊಡಲಿ. ಭಾವನಿಗೂ ಅದೇ ವಿಚಾರಣೆ ಇರಲಿ ಅಂತ ಅವರ ಎದುರೇ ಹೇಳಿದೆ. ಅವರು ಒಪ್ಪಲಿಲ್ಲ, ಊಟ ಮುಗಿಯುವ ತನಕ ವಾದ ಮಾಡಿದರು.

ಸೋಮವಾರ 13(3) ಮತ್ತು 25ನೇ ನಿಯಮ ಎರಡನ್ನೂ ಬರೆದು ಹೊಸದಾಗಿ ಅರ್ಜಿ ಕೊಡ್ತೇನೆ. ವಕೀಲರೇ, ಅಪ್ಪನ ಹಳೆಯ ಲೈಸೆನ್ಸ್ ಪುಸ್ತಕದ ಮೂಲ ಪ್ರತಿ ಕೊಡಬೇಕಾ, ಜೆರಾಕ್ಸ್ ಸಾಕಾ?

ಹಾಸನ ವಕೀಲ:
ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿ ತೋರಿಸಿ ವಾಪಸ್ ತನ್ನಿ. ಕೋವಿ ಒಪ್ಪಿಸಿದ ರಸೀದಿ, ಮರಣ ಪ್ರಮಾಣಪತ್ರ, ಪಹಣಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೊತೆಗಿರಲಿ. ಎರಡನೇ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಪಯಸ್ವಿನಿ ತೋಟ:
ಆಯ್ತು ಸರ್. ಅಕ್ಕನ ಸಹಿ ಒಂದು ಬಾಕಿ, ನಾಳೆ ಪುತ್ತೂರಿಗೆ ಹೋಗಿ ಹಾಕಿಸಿಕೊಂಡು ಬರ್ತೇನೆ.